ಪೆಟ್ಟಿಗೆ ಹಗುರ, ಬಿಲ್ಲು ಭಾರ: ಸರಕು ಸಾಗಣೆಯ ಮಾತುಗಳು

ಪ್ರಶ್ನೆ: ನಾನು ಕೊರಿಯರ್‌ಗೆ ಕೊಟ್ಟ ಪೆಟ್ಟಿಗೆ ತೂಗಿದರೆ 8 ಕೆಜಿ. ಬಿಲ್ಲಿನಲ್ಲಿ ಮಾತ್ರ 24 ಕೆಜಿ! ಅಳತೆ 60, 50, 40 ಸೆಂಟಿಮೀಟರ್. ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ. ಆದರೆ ಮೊದಲೇ ಹೇಳದಿದ್ದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ನೀವು ಕೊಟ್ಟ ಮೂರೂ ಅಳತೆ ಗುಣಿಸಿ ನೋಡಿ, 1,20,000 ಬರುತ್ತದೆ. ಕೊರಿಯರ್‌ನವರು ಸಾಮಾನ್ಯವಾಗಿ ಇದನ್ನು 5000ದಿಂದ ಭಾಗಿಸುತ್ತಾರೆ, ಬಂತು ನೋಡಿ 24. ವಿಮಾನದ ಸರಕಿನಲ್ಲಾದರೆ 6000ದಿಂದ ಭಾಗಿಸುವುದು ರೂಢಿ, ಆಗ 20 ಆಗುತ್ತಿತ್ತು. ಇದಕ್ಕೆ ವಾಲ್ಯುಮೆಟ್ರಿಕ್ ತೂಕ ಅಂತ ಹೆಸರು. ತಕ್ಕಡಿಯ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೇ ದುಡ್ಡು. ದಿಂಬು, ಹತ್ತಿ ತುಂಬಿದ ಗೊಂಬೆ ಇಂಥವನ್ನೇ ತುಂಬಿಕೊಂಡು ಹೋದರೆ ಜಾಗ ಮುಗಿಯುತ್ತದೆ, ತೂಕ ಬರುವುದೇ ಇಲ್ಲ. ಅವರೂ ಹೊಟ್ಟೆ ಹೊರೆಯಬೇಕಲ್ಲ.

ಪೆಟ್ಟಿಗೆಯ ಮೇಲ್ಭಾಗದಲ್ಲಿ ಸುಮ್ನೆ ಗಾಳಿ ತುಂಬಿತ್ತಾ? ಎತ್ತರದಲ್ಲಿ 10 ಸೆಂಟಿಮೀಟರ್ ಕತ್ತರಿಸಿ ಮಡಚಿದ್ದರೆ 24 ಹೋಗಿ 18 ಆಗುತ್ತಿತ್ತು. ಒಂದು ಬ್ಲೇಡು, ಒಂದು ಟೇಪು, 6 ಕೆಜಿ ಉಳಿತಾಯ.

ಪ್ರಶ್ನೆ: ಹೊರದೇಶದಿಂದ ಯಂತ್ರ ತರಿಸುತ್ತಿದ್ದೇನೆ. ಮಾರುವವರು ಎಫ್‌ಒಬಿಗೆ (ಫ್ರೀ ಆನ್ ಬೋರ್ಡ್) ಒಂದು ದರ, ಸಿಐಎಫ್‌ಗೆ (ಕಾಸ್ಟ್, ಇನ್ಶೂರೆನ್ಸ್, ಫ್ರೈಟ್) ಇನ್ನೊಂದು ದರ ಕೊಟ್ಟಿದ್ದಾರೆ. ಸಿಐಎಫ್ ತಗೊಂಡರೆ ನಮ್ಮ ಬಂದರಿಗೆ ಬರುವ ತನಕ ಜವಾಬ್ದಾರಿ ಅವರದೇ ತಾನೆ?

ಉತ್ತರ: ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಇವು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಶುರು ಮಾಡಿದ ಇನ್‌ಕೋಟರ್ಮ್ಸ್ ಎಂಬ, ಮಾರುವವರು-ಕೊಳ್ಳುವವರ ನಡುವೆ ಖರ್ಚು, ಹೊಣೆ ಹಂಚುವ ನಿಯಮಗಳ ಪದಗಳು. 2020ರ ಆವೃತ್ತಿಯಲ್ಲಿ ಇಂಥವು 11 ಇವೆ. ಯಾವ ಪದ ಬಂದರೂ ಎರಡು ಪ್ರಶ್ನೆ ಬೇರೆ ಬೇರೆ ಕೇಳಬೇಕು: ಖರ್ಚು ಎಲ್ಲಿಯ ತನಕ ಅವರದು? ಸರಕು ಹಾಳಾದರೆ ನಷ್ಟ ಎಲ್ಲಿಯ ತನಕ ಅವರದು?

ಎಫ್‌ಒಬಿಯಲ್ಲಿ ಎರಡಕ್ಕೂ ಉತ್ತರ ಒಂದೇ, ಅವರ ಬಂದರಿನಲ್ಲಿ ಸರಕು ಹಡಗು ಹತ್ತುವ ತನಕ. ಸಿಐಎಫ್‌ನಲ್ಲಿ ಹಡಗಿನ ಬಾಡಿಗೆ, ವಿಮೆ ಎರಡನ್ನೂ ಅವರೇ ನಿಮ್ಮ ಬಂದರಿನ ತನಕ ಕಟ್ಟುತ್ತಾರೆ, ಸರಿ, ಆದರೆ ನಷ್ಟದ ಹೊಣೆ ಮಾತ್ರ ಅಲ್ಲೇ, ಸರಕು ಹಡಗು ಹತ್ತಿದ ಕೂಡಲೇ, ನಿಮ್ಮ ತಲೆಗೆ ಬಂದಿರುತ್ತದೆ. ನಡುನೀರಿನಲ್ಲಿ ಯಂತ್ರಕ್ಕೆ ಏಟು ಬಿದ್ದರೆ ವಿಮೆಯವರ ಬಾಗಿಲು ತಟ್ಟುವವರು ನೀವೇ. ಸಿಐಎಫ್‌ನಲ್ಲಿ ಮಾರುವವರು ಕನಿಷ್ಠ ಮಟ್ಟದ ವಿಮೆ ಮಾಡಿಸಿದರೆ ಸಾಕು ಅಂತ ನಿಯಮವೇ ಇದೆ, ಹಾಗಾಗಿ ಪಾಲಿಸಿ ಓದದೆ ಒಪ್ಪಬೇಡಿ. ನನ್ನನ್ನು ಕೇಳಿದರೆ, ಪರಿಚಯದ ಸರಕು ಸಾಗಣೆ ಏಜೆಂಟರಿದ್ದರೆ ಎಫ್‌ಒಬಿ ತಗೊಂಡು ವಿಮೆ ನೀವೇ ಮಾಡಿಸಿ.

ಪ್ರಶ್ನೆ: ಡೆಮರೇಜ್, ಡಿಟೆನ್ಷನ್ ಎರಡೂ ಒಂದೇನಾ?

ಉತ್ತರ: ಕಂಟೇನರ್ ವಿಷಯದಲ್ಲಿ ಎರಡೂ ತಡಕ್ಕೆ ಬೀಳುವ ದಂಡವೇ, ಜಾಗ ಬೇರೆ. ತುಂಬಿ ಬಂದ ಕಂಟೇನರ್ ಪುಕ್ಕಟೆ ದಿನ (ಬಾಡಿಗೆ ಇಲ್ಲದೆ ಇಟ್ಟುಕೊಳ್ಳಲು ಬಿಡುವ ದಿನ) ಮುಗಿದ ಮೇಲೂ ಬಂದರಿನ ಒಳಗೇ ಕೂತಿದ್ದರೆ ಡೆಮರೇಜ್. ಹೊರಗೆ ತಂದು, ಸರಕು ಇಳಿಸಿ, ಖಾಲಿ ಡಬ್ಬ ಹೊತ್ತಿಗೆ ಸರಿಯಾಗಿ ವಾಪಸ್ ಕೊಡದಿದ್ದರೆ ಡಿಟೆನ್ಷನ್. ಒಮ್ಮೆ ನಾನೇ, ಸರಕು ಕೈ ಸೇರಿತಲ್ಲ ಅಂತ ಹಾಯಾಗಿ ಕೂತಿದ್ದೆ. ಹಿತ್ತಲಲ್ಲಿ ನಿಂತ ಖಾಲಿ ಡಬ್ಬಕ್ಕೆ ದಿನಬಾಡಿಗೆ ಏರುತ್ತಿದೆ ಅಂತ ಬಿಲ್ಲು ಬಂದಾಗಲೇ ಗೊತ್ತಾಗಿದ್ದು! ಪುಕ್ಕಟೆ ದಿನ ಎಷ್ಟು, ಯಾವತ್ತಿನಿಂದ ಎಣಿಕೆ, ರಜೆಯ ದಿನವೂ ಸೇರುತ್ತಾ, ಇವಿಷ್ಟನ್ನು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

ಪ್ರಶ್ನೆ: ಸರಕು ತಗೊಂಡಾಗ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್ ಕಳೆದುಹೋದರೆ ಜೆರಾಕ್ಸ್ ನಡೆಯುತ್ತಾ?

ಉತ್ತರ: 'ಟು ಆರ್ಡರ್' ಅಂತ ಇರುವ, ಅಂದರೆ ಸಹಿ ಹಾಕಿ ಇನ್ನೊಬ್ಬರಿಗೆ ವರ್ಗಾಯಿಸಬಹುದಾದ, ಮೂಲ ಪ್ರತಿಯಾದರೆ ನಡೆಯಲ್ಲ. ಅದು ರಸೀದಿ ಮಾತ್ರ ಅಲ್ಲ, ಸರಕಿನ ಹಕ್ಕುಪತ್ರ. ಅದನ್ನು ಕೊಟ್ಟವರಿಗೇ ಸರಕು. ಕಳೆದರೆ ಹಡಗು ಕಂಪನಿ ಸಾಮಾನ್ಯವಾಗಿ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ವಿಮಾನದ ಸರಕಿಗೆ ಕೊಡುವ ಏರ್ ವೇಬಿಲ್ ಎಂಬ ಪತ್ರಕ್ಕೆ ಈ ಪಾಡಿಲ್ಲ, ಅದು ಹಕ್ಕುಪತ್ರವೇ ಅಲ್ಲ.

ಪ್ರಶ್ನೆ: ನಮ್ಮ ಸರಕಿಗೆ ಏನೂ ಆಗಿಲ್ಲ, ಆದರೂ 'ಜನರಲ್ ಆವರೇಜ್' ಅಂತ ದುಡ್ಡು ಕೇಳುತ್ತಿದ್ದಾರೆ. ಇದೆಂಥ ನ್ಯಾಯ?

ಉತ್ತರ: ತುಂಬಾ ಹಳೇ ನ್ಯಾಯ. ಬಿರುಗಾಳಿಗೆ ಸಿಕ್ಕ ಹಡಗನ್ನು ಉಳಿಸಲು ಕೆಲವರ ಮೂಟೆ ಸಮುದ್ರಕ್ಕೆ ಎಸೆದರು ಅಂದುಕೊಳ್ಳಿ. ಉಳಿದವರ ಮೂಟೆ ಉಳಿದದ್ದೇ ಅದರಿಂದ, ಹಾಗಾಗಿ ನಷ್ಟವನ್ನು ಹಡಗಿನವರೂ ಸೇರಿ ಎಲ್ಲರೂ ಅವರವರ ಸೊತ್ತಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು 6 ದಿನ ದಾರಿ ಮುಚ್ಚಿತಲ್ಲ, 400 ಮೀಟರ್ ಉದ್ದದ ಎವರ್ ಗಿವನ್, ಆಗಲೂ ಹಡಗಿನ ಮಾಲೀಕರು ಇದನ್ನೇ ಘೋಷಿಸಿದ್ದರು. ಸರಕಿಗೆ ವಿಮೆ ಇದ್ದರೆ ದುಡ್ಡು ಕೇಳಿ ಬಂದ ಪತ್ರವನ್ನು ಇವತ್ತೇ ವಿಮೆಯವರಿಗೆ ಕಳಿಸಿ, ಈ ಪಾಲು ಸಾಮಾನ್ಯವಾಗಿ ಅವರೇ ನೋಡಿಕೊಳ್ಳುತ್ತಾರೆ. ವಿಮೆ ಇಲ್ಲದಿದ್ದರೆ ನೀವೇ ಠೇವಣಿ ಕಟ್ಟಬೇಕು, ಕಟ್ಟುವ ತನಕ ಸರಕು ಬಿಡಲ್ಲ.