ಈಜು ಅಷ್ಟಕ್ಕಷ್ಟೇ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಕಲಿಯಬಹುದಾ? ಏನು ಕಲಿಸುತ್ತಾರೆ?

ಕಲಿಯಬಹುದು. ಲೈಫ್ ಜಾಕೆಟ್ ಹಾಕಿಕೊಂಡೇ ದೋಣಿ ಹತ್ತುವುದು. ಆದರೆ ನೀರಿಗೆ ಬಿದ್ದಾಗ ಗಾಬರಿಯಾಗದಷ್ಟಾದರೂ ಈಜು ಬೇಕು. ಒಂದು ತಿಂಗಳು ಮೊದಲೇ ಈಜುಕೊಳಕ್ಕೆ ಹೋಗಿಬನ್ನಿ. ಯಾಕಂದ್ರೆ ಬೀಳುವುದಂತೂ ಗ್ಯಾರಂಟಿ. ಕಲಿಸಲಿಕ್ಕೆಂದು ಬೇಕಂತಲೇ ಬೀಳಿಸುತ್ತಾರೆ ಕೂಡ!

ಮಗುಚಿದ ದೋಣಿ ಎತ್ತುವುದೇ ಮುಖ್ಯ ಪಾಠ. ದೋಣಿಯ ನಡುವಿನಿಂದ ನೀರಿಗೆ ಇಳಿಯುವ ಹಲಗೆಯೊಂದಿರುತ್ತದೆ, ಡ್ಯಾಗರ್‌ಬೋರ್ಡ್ ಅಂತ. ದೋಣಿ ಪಕ್ಕಕ್ಕೆ ಮಲಗಿದಾಗ ಅದರ ಮೇಲೆ ನಿಂತು, ದೋಣಿಯ ಅಂಚು ಹಿಡಿದು ಹಿಂದಕ್ಕೆ ವಾಲಬೇಕು. ಹಾಯಿ ನೀರು ಸುರಿಸುತ್ತಾ ನಿಧಾನಕ್ಕೆ ಮೇಲೇಳುತ್ತದೆ. ಏನೇ ಆದರೂ ದೋಣಿ ಬಿಟ್ಟು ದಡಕ್ಕೆ ಈಜಬೇಡಿ. ಹುಸೇನ್ ಸಾಗರದ ನೀರು ಎಷ್ಟು ಗಲೀಜು ಗೊತ್ತಲ್ವಾ, ಬಾಯಿ ಮುಚ್ಚಿಕೊಂಡು ಬೀಳಿ.

ಶುರುವಿನಲ್ಲಿ ತಲೆ ಕೆಡಿಸುವುದು ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿ. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಗಾಳಿಗೆ ನೇರ ಎದುರಾಗಿ ಹೋಗಲಾಗದು. ಸುಮಾರು 45 ಡಿಗ್ರಿ ಓರೆಯಾಗಿ, ಅಂಕುಡೊಂಕಾಗಿ ಹೋಗಬೇಕು. ಪ್ರತಿ ತಿರುವಿನಲ್ಲೂ ಹಾಯಿಯ ಕೆಳಗಿನ ಅಡ್ಡಗೋಲು ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. ತಲೆ ಬಗ್ಗಿಸಿ.

ಕೆರೆಯ ಗಾಳಿ ಕಟ್ಟಡ, ಮರಗಳನ್ನು ದಾಟಿ ಬರುವುದರಿಂದ ಒಂದೇ ಸಮ ಇರಲ್ಲ. ನೀರಿನ ಮೇಲೆ ಕಪ್ಪು ಪಟ್ಟೆ ನಿಮ್ಮತ್ತ ಓಡಿಬಂದರೆ ಜೋರು ಗಾಳಿ ಬಂತು ಅಂತಲೇ ಅರ್ಥ. ಭಯವಾದರೆ ಹಾಯಿಯ ಹಗ್ಗ ಸಡಿಲ ಬಿಡಿ. ಹಾಯಿ ಪಟಪಟ ಬಡಿದುಕೊಂಡು ದೋಣಿಯ ವೇಗ ಇಳಿಯುತ್ತದೆ.

ಮಕ್ಕಳಿಗಾದರೆ ಆಪ್ಟಿಮಿಸ್ಟ್ ಎಂಬ 2.3 ಮೀಟರಿನ ಪುಟ್ಟ ದೋಣಿ ಇದೆ. ಹಗ್ಗ ಎಳೆದೆಳೆದು ಅಂಗೈ ಉರಿಯುತ್ತದೆ, ಕೈಗವಸು ಮರೀಬೇಡಿ.