ಇಲಿ ಮಿದುಳಿನ ಆ 'ಕೊಳಕು' ಸ್ಲೈಡ್ ವಾಪಸ್ ಕಳಿಸಬೇಡಿ

ಮೂಡಿಗೆರೆಯ ಗೆಳೆಯರೇ, ನಿನ್ನೆ ನೀವು ಹಾಕಿದ ಎರಡು ಫೋಟೊ ನೋಡಿದೆ. ಪಿಯುಸಿ ಓದುವ ಮಗಳಿಗೆ ಇಲಿ ಮಿದುಳಿನ ಎರಡು ರೆಡಿಮೇಡ್ ಸ್ಲೈಡ್ ತರಿಸಿದ್ದೀರಿ. ಒಂದರಲ್ಲಿ ಬರೀ ನೇರಳೆ ಚುಕ್ಕಿ, ಕೊಂಬೆ ಇರುವ ನರಕೋಶ ಒಂದೂ ಇಲ್ಲ. ಇನ್ನೊಂದು ಹಳದಿ ನೆಲದ ಮೇಲೆ ಕಪ್ಪು ಕಲೆ, ಕೊಳಕಾಗಿದೆ, ವಾಪಸ್ ಕಳಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಕಳಿಸಬೇಡಿ. ಮಗಳು ಹುಡುಕುತ್ತಿರುವುದೆಲ್ಲ ಆ ಎರಡನೆಯದರಲ್ಲೇ ಇದೆ. ನಾನು ಹಾಸನದ ಒಂದು ಲ್ಯಾಬ್‌ನಲ್ಲಿ ತುಂಬಾ ವರ್ಷ ಸ್ಲೈಡ್ ಮಾಡುವ ಕೆಲಸದಲ್ಲಿದ್ದೆ. ಈಗ ಸಕಲೇಶಪುರದಲ್ಲಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೇರಳೆ ಸ್ಲೈಡ್. ಅಂಥ ಸ್ಲೈಡ್‌ನ ಹಲ್ಲೆ, ಅಂದರೆ ಗಾಜಿನ ಮೇಲೆ ಕೂರಿಸಿದ ಮಿದುಳಿನ ತೆಳು ಬಿಲ್ಲೆ, ಸಾಮಾನ್ಯವಾಗಿ 5 ಮೈಕ್ರಾನ್ ದಪ್ಪ ಇರುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಒಂದು ದೊಡ್ಡ ನರಕೋಶದ ಒಡಲೇ 20 ಮೈಕ್ರಾನ್, ಅದರ ಕೊಂಬೆಗಳು ನೂರಾರು ಮೈಕ್ರಾನ್ ದೂರ ಹರಡಿರುತ್ತವೆ. ನಿಮ್ಮ ತೋಟದ ಮರಗಳಿಗೆಲ್ಲ ಎದೆಮಟ್ಟದಲ್ಲಿ ಗರಗಸ ಹಾಕಿ, ಒಂದು ತೆಳ್ಳನೆ ಬಿಲ್ಲೆ ಮಾತ್ರ ತೆಗೆದು ನೋಡಿದರೆ ಏನು ಕಾಣುತ್ತೆ? ಬೊಡ್ಡೆಯ ಉಂಗುರ ಅಷ್ಟೇ. ಯಾವುದು ಸಿಲ್ವರ್ ಓಕ್, ಯಾವುದು ಹಲಸು ಅಂತ ರೆಂಬೆ ನೋಡಿ ಹೇಳುವ ಹಾಗೇ ಇಲ್ಲ. ಜೊತೆಗೆ ಆ ನೇರಳೆ ಬಣ್ಣ ಹಿಡಿಯುವುದು ಮುಖ್ಯವಾಗಿ ಕೋಶದ ನಡುವಿನ ನ್ಯೂಕ್ಲಿಯಸ್‌ಗೆ. ಕೊಂಬೆಗಳಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಸ್ಲೈಡೂ ಸರಿ ಇದೆ, ಮೈಕ್ರೋಸ್ಕೋಪೂ ಸರಿ ಇದೆ. ಅದನ್ನು ಎಲ್ಲಿ ಏನಿದೆ ಅಂತ ತೋರಿಸುವ ನಕ್ಷೆಯಾಗಿ ಇಟ್ಟುಕೊಳ್ಳಿ.

ಕಪ್ಪು ಕಲೆಯದು ಗಾಲ್ಜಿ ಬಣ್ಣದ ಸ್ಲೈಡ್. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ ವಿಧಾನ. ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ನೆನೆಸಿ, ಆಮೇಲೆ ಸಿಲ್ವರ್ ನೈಟ್ರೇಟ್‌ಗೆ ಹಾಕುತ್ತಾರೆ. ನೂರು ಕೋಶದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಪ್ಪಾಗುತ್ತವೆ, ಆದರೆ ಕಪ್ಪಾದದ್ದು ರೆಂಬೆಯ ತುದಿವರೆಗೂ ಕಪ್ಪಾಗುತ್ತದೆ. ಇದರ ದೊಡ್ಡ ಗುಣವೇ ಅದು. ಇಲಿ ಮಿದುಳಿನಲ್ಲಿ ಸುಮಾರು 20 ಕೋಟಿ ನರಕೋಶಗಳಿವೆ, ಚಿಟ್ಟಿಲಿಯಲ್ಲಿ ಸುಮಾರು 7 ಕೋಟಿ. ಎಲ್ಲವೂ ಕಪ್ಪಾದರೆ ಮಸಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸ್ಪೇನಿನ ರಾಮೋನ್ ಇ ಕಹಾಲ್ ಇದೇ ಬಣ್ಣ ಬಳಸಿ, ಪ್ರತಿ ನರಕೋಶವೂ ಬಿಡಿಬಿಡಿ ಅಂತ ತೋರಿಸಿದರು. ಗಾಲ್ಜಿ ಮಾತ್ರ ಎಲ್ಲವೂ ಕೂಡಿಕೊಂಡ ಒಂದೇ ಬಲೆ ಅಂತಲೇ ನಂಬಿದ್ದರು. 1906ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಈಗ ನೋಡುವ ರೀತಿ. ಇದರ ಹಲ್ಲೆ ನೂರು ಮೈಕ್ರಾನ್‌ಗೂ ಜಾಸ್ತಿ ದಪ್ಪ ಇರುತ್ತದೆ. 100ಎಕ್ಸ್ ಎಣ್ಣೆ ಲೆನ್ಸ್ ಹಾಕಲೇಬೇಡಿ. ಅದು ಗಾಜಿಗೆ ತೀರಾ ಹತ್ತಿರ ಬರುತ್ತದೆ, ಮೇಲಿನ ತೆಳು ಗಾಜು (ಕವರ್‌ಸ್ಲಿಪ್) ಒಡೆಯಬಹುದು. 4ಎಕ್ಸ್‌ನಲ್ಲಿ ಜಾಗ ಹುಡುಕಿ, 10ಎಕ್ಸ್ ಮತ್ತು 40ಎಕ್ಸ್‌ನಲ್ಲಿ ನೋಡಿ. ನಿಮ್ಮ ಫೋಟೊ ಕಲೆಯ ಹಾಗೆ ಬಂದಿರುವುದು ಒಂದೇ ಫೋಕಸ್‌ನಲ್ಲಿ ತೆಗೆದದ್ದರಿಂದ. ಎಡಗೈ ಸಣ್ಣ ಫೋಕಸ್ ತಿರುಪಿನ ಮೇಲೇ ಇರಲಿ. ನಿಧಾನ ತಿರುಗಿಸುತ್ತಾ ಹೋದರೆ ಒಂದು ಕೊಂಬೆ ಮಸುಕಾಗಿ ಇನ್ನೊಂದು ಮೇಲೆದ್ದು ಬರುತ್ತದೆ. ಮಗಳ ಬಲಗೈಯಲ್ಲಿ ಪೆನ್ಸಿಲ್ ಇರಲಿ. ಕಂಡಷ್ಟು ಬರೆಯುವುದು, ತಿರುಗಿಸುವುದು, ಮತ್ತೆ ಬರೆಯುವುದು. ಫೋಟೊಗಿಂತ ಇದು ಎಷ್ಟೋ ಮೇಲು.

ನಿಮ್ಮ ಲೇಬಲ್ ಪ್ರಕಾರ ಅದು ಮೂಗಿನ ಕಡೆಯಿಂದ ಬಾಲದ ಕಡೆಗೆ ಉದ್ದಕ್ಕೆ, ಎಡ ಬಲ ಬೇರೆಯಾಗುವ ಹಾಗೆ ಸೀಳಿದ ಹಲ್ಲೆ. ಒಳ್ಳೆಯದೇ ಆಯಿತು. ಒಂದು ತುದಿಯಲ್ಲಿ ಎಲೆ ಮಡಿಸಿದ ಹಾಗೆ ಕಾಣುತ್ತದಲ್ವಾ, ಅದು ಕಿರುಮಿದುಳು. ಅಲ್ಲಿಂದಲೇ ಶುರು ಮಾಡಿ. ಬೀಸಣಿಗೆ ಹರಡಿದ ಹಾಗೆ ಕೊಂಬೆ ಬಿಟ್ಟ ದೊಡ್ಡ ಕೋಶ ಸಿಕ್ಕರೆ ಅದು ಪರ್ಕಿಂಜೆ ಕೋಶ. ಅದು ಬೇಲಿ ತಂತಿಗೆ ಹಬ್ಬಿಸಿದ ಬಳ್ಳಿಯ ಹಾಗೆ ಚಪ್ಪಟೆ. ಈ ಸೀಳಿನಲ್ಲಿ ಎದುರಿನಿಂದ ನೋಡುತ್ತೀರಿ, ಅದಕ್ಕೇ ಪೂರ್ತಿ ಹರವು ಕಾಣುತ್ತದೆ. ಅಡ್ಡ ಕೊಯ್ದಿದ್ದರೆ ಅದೇ ಕೋಶ ಬೇಲಿಯನ್ನು ತುದಿಯಿಂದ ನೋಡಿದ ಹಾಗೆ ಸಪೂರ ಪಟ್ಟಿ. ಎಷ್ಟೋ ಜನ ಅದನ್ನು ಬೇರೆ ಜಾತಿಯ ಕೋಶ ಅಂದುಕೊಳ್ಳುತ್ತಾರೆ. ಚಪ್ಪಟೆಯಾಗಿರುವುದಕ್ಕೆ ಕಾರಣವೂ ಇದೆ. ಅದರ ಕೆಳಗಿನ ಪದರದಲ್ಲಿ ಗ್ರಾನ್ಯೂಲ್ ಕೋಶಗಳಿವೆ. ತೀರಾ ಚಿಕ್ಕವು, ನಾಲ್ಕೈದು ಗಿಡ್ಡ ಕಾಲು, ತುದಿಯಲ್ಲಿ ಉಗುರಿನ ಹಾಗೆ ಬಾಗು. ಅವುಗಳ ಎಳೆ ಮೇಲಕ್ಕೆ ಹೋಗಿ ಎರಡು ಕಡೆಗೆ ಕವಲೊಡೆದು, ಆ ಬೀಸಣಿಗೆಗಳನ್ನು ಅಡ್ಡಲಾಗಿ ತೂರಿಕೊಂಡು ಸಾಗುತ್ತದೆ, ಮರಗಳ ಸಾಲಿನ ನಡುವೆ ಕರೆಂಟ್ ಲೈನ್ ಹೋದ ಹಾಗೆ. ಇಲಿಯ ಒಂದೇ ಪರ್ಕಿಂಜೆ ಕೋಶಕ್ಕೆ ಈ ಎಳೆಗಳಿಂದ ಒಂದು ಲಕ್ಷಕ್ಕೂ ಮೀರಿ ಕೂಡಿಕೆಗಳಿವೆ. ಕೊಂಬೆ ಎತ್ತ ಹರಡಿದೆ ಎಂದರೆ ಕೋಶ ಎತ್ತಲಿಂದ ಸುದ್ದಿ ಕೇಳಿಸಿಕೊಳ್ಳುತ್ತದೆ ಅಂತ. ಇದೊಂದು ಹಿಡಿತಕ್ಕೆ ಬಂದರೆ ಉಳಿದ ಆಕಾರಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಅಲ್ಲಿಂದ ಮೇಲಿನ ಹೊದಿಕೆಗೆ, ಕಾರ್ಟೆಕ್ಸ್‌ಗೆ ಬನ್ನಿ. ತ್ರಿಕೋನದ ಒಡಲು, ಮಿದುಳಿನ ಮೇಲ್ಮೈ ಕಡೆಗೆ ನೆಟ್ಟಗೆ ಎದ್ದ ಒಂದು ದಪ್ಪ ಕೊಂಬೆ, ಬುಡದಲ್ಲಿ ಬೇರಿನ ಹಾಗೆ ಸುತ್ತ ಹರಡಿದ ಸಣ್ಣ ಕೊಂಬೆಗಳು: ಇದು ಪಿರಮಿಡ್ ಕೋಶ. ಇಲ್ಲಿ ಇದೇ ಜಾಸ್ತಿ. 40ಎಕ್ಸ್‌ನಲ್ಲಿ ಕೊಂಬೆಯ ಮೇಲೆ ಕಾಳುಮೆಣಸಿನ ಎಳೆ ತೆನೆಯ ಹಾಗೆ ಸಣ್ಣ ಸಣ್ಣ ಉಬ್ಬು ಕಾಣುತ್ತವೆ, ಅವೇ ಸ್ಪೈನ್‌ಗಳು, ಬೇರೆ ಕೋಶಗಳ ಎಳೆ ಬಂದು ಕೂಡುವ ಜಾಗ. ಉಬ್ಬು ಇಲ್ಲದೆ ನುಣ್ಣಗಿದ್ದು ಸುತ್ತಲೂ ಕೊಂಬೆ ಬಿಟ್ಟದ್ದು ಕಂಡರೆ, ಹೆಚ್ಚಾಗಿ ಅದು ಪಕ್ಕದ ಕೋಶಗಳನ್ನು ತಡೆದು ಹಿಡಿಯುವ ಕೋಶ. ಅದರ ಒಳಜಾತಿ ತಿಳಿಯಲು ಆಕ್ಸಾನ್, ಅಂದರೆ ಕೋಶ ಸುದ್ದಿ ಹೊರಗೆ ಕಳಿಸುವ ಎಳೆ, ನೋಡಬೇಕು, ಅದು ಗಾಲ್ಜಿಯಲ್ಲಿ ಸುಲಭ ಅಲ್ಲ. ಮಯಲಿನ್ ಅನ್ನುವ ಕೊಬ್ಬಿನ ಪೊರೆ ಹೊದ್ದ ಆಕ್ಸಾನ್‌ಗೆ ಈ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಸ್ವಲ್ಪ ದೂರ ಹೋಗಿ ಮಾಯವಾಗುತ್ತದೆ. ಗಾಬರಿ ಬೇಡ.

ಕಾರ್ಟೆಕ್ಸ್‌ನ ಕೆಳಗೆ ಒಂದಕ್ಕೊಂದು ಕೊಕ್ಕೆ ಹಾಕಿದ ಎರಡು ಬಾಗು ಕಂಡರೆ ಅದು ಹಿಪೊಕ್ಯಾಂಪಸ್, ನೆನಪಿಗೆ ಬೇಕಾದ ಭಾಗ. ಒಂದು ಬಾಗಿನಲ್ಲಿ ಮೇಲೂ ಕೆಳಗೂ ಕೊಂಬೆ ಬಿಟ್ಟ ಪಿರಮಿಡ್ ಕೋಶಗಳು. ಇನ್ನೊಂದರಲ್ಲಿ ಒಂದೇ ಕಡೆಗೆ, ಪೊರಕೆ ನಿಲ್ಲಿಸಿದ ಹಾಗೆ ಕೊಂಬೆ ಬಿಟ್ಟ ಗ್ರಾನ್ಯೂಲ್ ಕೋಶಗಳು (ಹೆಸರು ಒಂದೇ, ಕಿರುಮಿದುಳಿನವು ಬೇರೆ). ಮಗಳಿಗೆ ಈ ಎರಡನ್ನು ಪಕ್ಕಪಕ್ಕ ಬರೆಯಲು ಹೇಳಿ.

ಕಪ್ಪಾದದ್ದೆಲ್ಲ ನರಕೋಶ ಅಲ್ಲ. ಒಂದೇ ದಪ್ಪದಲ್ಲಿ ಕೊಳವೆಯ ಹಾಗೆ ಸಾಗಿದರೆ ರಕ್ತನಾಳ. ಉಣ್ಣೆ ಉಂಡೆಯ ಹಾಗೆ ಒತ್ತೊತ್ತಾಗಿ ಕುಚ್ಚು ಇದ್ದರೆ ಗ್ಲಿಯಾ, ಅಂದರೆ ನರಕೋಶಗಳಿಗೆ ಆಸರೆಯಾಗಿರುವ ಕೋಶ. ಅಂಚಿನಲ್ಲಿ ಚೂಪಾದ ಗಟ್ಟಿ ಚೂರುಗಳು ಬೆಳ್ಳಿಯ ಹರಳು. ನರಕೋಶದ ಕೊಂಬೆ (ಡೆಂಡ್ರೈಟ್) ಆದರೆ ಹೋಗ್ತಾ ಹೋಗ್ತಾ ಸಪೂರ ಆಗುತ್ತದೆ.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, ಕಾಫಿ ಗೋಡೌನ್‌ನಲ್ಲಿ ಸಿಕ್ಕ ಇಲಿಯಿಂದ ಮನೆಯಲ್ಲೇ ಸ್ಲೈಡ್ ಮಾಡಬಹುದಲ್ಲ ಅಂದಿದ್ದಾರೆ. ಬೇಡವೇ ಬೇಡ. ನಮ್ಮ ಮಲೆನಾಡಿನಲ್ಲಿ ಇಲಿ ಜ್ವರದ ಭಯ ಸುಮ್ನೆ ಮಾತಲ್ಲ. ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು, ಫಾರ್ಮಾಲಿನ್ ಕೂಡ. ಮಕ್ಕಳಿರುವ ಮನೆಯಲ್ಲಿ ಅವು ಇರಲೇಬಾರದು. ಇನ್ನೂ ಜಾತಿಗಳನ್ನು ನೋಡಬೇಕೆಂದರೆ ನ್ಯೂರೋಮಾರ್ಫೋ ಅನ್ನುವ ಉಚಿತ ಸಂಗ್ರಹ ಇಂಟರ್‌ನೆಟ್‌ನಲ್ಲಿದೆ. ಇಲಿ, ಚಿಟ್ಟಿಲಿಗಳ ಸಾವಿರಾರು ನರಕೋಶಗಳ ಅಳತೆ ಅಲ್ಲಿದೆ, ತಿರುಗಿಸಿ ನೋಡಬಹುದು. ಅದರ ಫೈಲ್ ತೆರೆದರೆ ಪ್ರತಿ ಸಾಲಿನಲ್ಲಿ ಏಳು ಸಂಖ್ಯೆ ಇರುತ್ತವೆ. ಎರಡನೆಯದು 1 ಇದ್ದರೆ ಒಡಲು, 2 ಆಕ್ಸಾನ್, 3 ಬುಡದ ಕೊಂಬೆ, 4 ಮೇಲಿನ ಕೊಂಬೆ.

ಜೂನ್ ಬಂದರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಮೈಕ್ರೋಸ್ಕೋಪನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಗಾಲ್ಜಿ ಸ್ಲೈಡನ್ನು ಬಿಸಿಲಿಗೆ ಇಡದೆ ಮಲಗಿಸಿ ಇಡಿ. ಮಗಳು ಮೊದಲ ಪರ್ಕಿಂಜೆ ಕೋಶ ಬರೆದ ದಿನ ಆ ಹಾಳೆಯ ಫೋಟೊ ಇಲ್ಲಿ ಹಾಕಿ. ಯಾವ ಲೆನ್ಸ್‌ನಲ್ಲಿ ನೋಡಿದ್ದು ಅಂತ ಪಕ್ಕದಲ್ಲಿ ಬರೆದಿರಲಿ.