ನಕ್ಷೆಯಲ್ಲಿ ಬಿಟ್ಟುಹೋದ ಮನೆ

‘ನಿಮ್ಮ ಮನೆ ಎಲ್ಲಿ?’ ಎಂದು ಕೇಳಿದರೆ ತಡವರಿಸುವವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಆಗಾಗ ಬರುತ್ತಾರೆ. ಅದೇ ತೊಂದರೆ ಎಂದು ಹೇಳಿಕೊಂಡು ಯಾರೂ ಬರುವುದಿಲ್ಲ. ತಲೆನೋವು, ನಿದ್ದೆ ಇಲ್ಲ, ಆಫೀಸಿಗೆ ಹೋಗಲು ಮನಸ್ಸಿಲ್ಲ ಎಂದು ಬರುತ್ತಾರೆ. ಮಾತಾಡುತ್ತಾ ಹೋದ ಹಾಗೆ ವಿಳಾಸದ ವಿಷಯ ಹೊರಗೆ ಬರುತ್ತದೆ.

ಕಾರವಾರದ ಸುತ್ತ ಇದು ಹೆಚ್ಚು. ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸವಾದದ್ದು 1986ರಲ್ಲಿ. ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಈ ನಡುವೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಬಂದವು. ತೋಡೂರು, ಚಿತ್ತಾಕುಲದಂಥ ಕಡೆ ಅವರಿಗಾಗಿ ಕಾಲೊನಿಗಳಾದವು. ಅಲ್ಲೇ ಹುಟ್ಟಿದ ಮಕ್ಕಳು ಈಗ ನೌಕರಿಗೆ ಸೇರುವ, ಮದುವೆಯಾಗುವ ವಯಸ್ಸಿಗೆ ಬಂದಿದ್ದಾರೆ. ಶಿರಸಿಯ ಕಡೆ ಇದೇ ಕಥೆ ತಿರುವುಮುರುವು. ತೋಟ ಮಾರಿಯೋ ಮಕ್ಕಳ ಓದಿಗೆಂದೋ ಬನವಾಸಿ ರಸ್ತೆ, ಹುಬ್ಬಳ್ಳಿ ರಸ್ತೆಯ ಲೇಔಟಿಗೆ ಬಂದವರ ಬಗ್ಗೆ ಊರಲ್ಲುಳಿದ ನೆಂಟರು ‘ಅವ್ರಿಗೇನು, ದುಡ್ಡಿದ್ದು, ಗೇಟು ಹಾಕ್ಕಂಡು ಒಳಗಿರ್ತ’ ಎನ್ನುತ್ತಾರೆ. ಅಲ್ಲಿ ಸಿರಿತನದ ಚುಚ್ಚುಮಾತು, ಇಲ್ಲಿ ಬಡತನದ್ದು. ಕೇಳಿಸಿಕೊಂಡವರ ನಿದ್ದೆ ಮಾತ್ರ ಎರಡೂ ಕಡೆ ಒಂದೇ ಥರ ಕೆಡುತ್ತದೆ.

ಈ ಪ್ರಕರಣ ಕಾಲೊನಿಯೊಂದರ ಹುಡುಗಿಯದು. ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಸಂಬಂಧಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಇಪ್ಪತ್ತರ ಆಸುಪಾಸು. ಪೇಟೆಯ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಸಂಜೆ ಜೊತೆಯವರು ಸ್ಕೂಟರಿನಲ್ಲಿ ಬಿಡುತ್ತೇವೆ ಎಂದರೆ ತನ್ನ ನಿಲ್ದಾಣಕ್ಕಿಂತ ಹಿಂದೆಯೇ ಹೆದ್ದಾರಿಯಲ್ಲಿ ಇಳಿದು, ಅವರು ಕಣ್ಮರೆಯಾದ ಮೇಲೆ ನಡೆಯುತ್ತಿದ್ದಳು. ಮಳೆಗಾಲದಲ್ಲೂ ಹಾಗೆಯೇ. ಮದುವೆಯ ಒಂದು ಪ್ರಸ್ತಾಪ ಬಂದು, ಹುಡುಗನ ಕಡೆಯ ನೆಂಟರೊಬ್ಬರು ‘ಕಾಲೊನಿಯವರಾ? ಪರಿಹಾರದ ದುಡ್ಡು ಬಂದಾಗ ಬೈಕು ತಗೊಂಡ್ರು, ಕುಡಿದ್ರು, ಈಗ ಕೈ ಖಾಲಿ’ ಎಂದಿದ್ದು ಅವಳ ಕಿವಿಗೆ ಬಿತ್ತು. ಅಲ್ಲಿಂದ ಊಟ ಸೇರುತ್ತಿರಲಿಲ್ಲ.

ಮೊದಲ ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಅವಳು ಹೇಳಿದಳು, ನಾನು ಕೇಳಿದೆ, ನಿದ್ದೆಗೆ ಸಂಬಂಧಿಸಿದ ಒಂದೆರಡು ಅಭ್ಯಾಸ ಹೇಳಿಕೊಟ್ಟೆ. ಆಮೇಲೊಂದು ದಿನ ಬಿಳಿ ಹಾಳೆ, ಪೆನ್ಸಿಲು ಕೊಟ್ಟು, ‘ನಿಮ್ಮೂರಿನ ನಕ್ಷೆ ಬಿಡಿಸಿ ನೋಡೋಣ’ ಎಂದೆ. ಮಾತು ಹೊರಡದಲ್ಲಿ ಕೈಗೆ ಕೆಲಸ ಕೊಡುವುದು ನಮ್ಮಲ್ಲಿ ರೂಢಿ.

ಅವಳು ತಡಮಾಡಲಿಲ್ಲ. ಕಡಲು, ತೆಂಗಿನ ಸಾಲು, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಗದ್ದೆಯ ಕಟ್ಟೆ, ದಣಪೆ ದಾಟಿದರೆ ಅಂಗಳ, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಹುಣಸೆ ಮರ. ದೋಣಿ ಎಳೆದಿಡುವ ಜಾಗಕ್ಕೂ ಗುರುತು ಹಾಕಿದಳು. ಯಾವ ಮನೆಯಲ್ಲಿ ಎಷ್ಟು ಮಂದಿ ಇದ್ದರು, ಯಾವ ಮನೆಯ ಹಲಸು ಸಿಹಿ ಎಂಬುದೂ ಬಾಯಲ್ಲಿ ಬರುತ್ತಿತ್ತು. ಚಂದದ ನಕ್ಷೆ. ಆದರೆ ಆ ಊರು ಅವಳು ಹುಟ್ಟುವ ಮೊದಲೇ ನೌಕಾನೆಲೆಯ ಗೋಡೆಯ ಒಳಗೆ ಸೇರಿಹೋಗಿತ್ತು.

‘ಇದರಲ್ಲಿ ನೀವು ಎಲ್ಲಿದ್ದೀರಿ ತಂಗಿ?’ ಎಂದು ಕೇಳಿದೆ.

ಪೆನ್ಸಿಲು ಹಿಡಿದ ಕೈ ಬಾವಿಯ ಮೇಲೆ ಹೋಯಿತು, ಅಂಗಳಕ್ಕೆ ಬಂತು, ನಿಂತಿತು. ‘ನಾನು ಇರ್ಲೇ ಇಲ್ವಲ್ಲ ಮೇಡಂ. ಇದೆಲ್ಲ ಅಜ್ಜಿ ಹೇಳಿದ್ದು.’

ಇನ್ನೊಂದು ಹಾಳೆ ಕೊಟ್ಟು, ‘ಹಾಗಾದರೆ ನೀವು ಇರೋದನ್ನ ಬಿಡಿಸಿ’ ಎಂದೆ. ಸ್ಕೇಲು ಕೇಳಿದಳು! ಉದ್ದ ಗೆರೆ, ಅಡ್ಡ ಗೆರೆ, ಚೌಕಗಳು, ಚೌಕಗಳೊಳಗೆ ಸೈಟ್ ನಂಬರು. ಸರ್ಕಾರಿ ಲೇಔಟ್ ನಕ್ಷೆಯೇ. ‘ಇಷ್ಟೇ ಮೇಡಂ, ಏನಿಲ್ಲ ಅಲ್ಲಿ’ ಎಂದಳು. ಸೈಕಲ್ ಕಲಿತದ್ದು ಎಲ್ಲಿ ಎಂದು ಕೇಳಿದೆ. ನೀರಿನ ಟ್ಯಾಂಕಿನ ಹಿಂದೆ ಎಂದಳು, ಟ್ಯಾಂಕು ಬಂತು. ಮೊಣಕಾಲು ಒಡೆದಾಗ ಅರಿಶಿನ ಹಚ್ಚಿದವರು ಯಾರು? ಮೂರನೇ ಸಾಲಿನ ಒಬ್ಬ ಅತ್ತೆ, ಅವರು ಬೇರೆ ಹಳ್ಳಿಯಿಂದ ಬಂದವರು, ಕಾಲೊನಿಯಲ್ಲೇ ಪರಿಚಯ. ಅವರ ಮನೆ ಬಂತು. ಕ್ರಿಕೆಟ್ ಆಡುವ ಖಾಲಿ ಸೈಟು, ಗಣಪತಿ ಕೂರಿಸುವ ಶೆಡ್ಡು, ಬೆಳಿಗ್ಗೆ ಮೀನಿನ ಬುಟ್ಟಿಯ ಹೆಂಗಸು ಬಂದು ಕೂರುವ ಕಟ್ಟೆ, ಕೊಂಕಣ ರೈಲಿನ ಹಾರನ್ ಕೇಳಿ ಗಂಟೆ ಗುರುತಿಸುವ ಅಂಗಡಿಯವ. ಹಾಳೆ ತುಂಬುತ್ತಾ ಬಂತು, ಮಾತೂ ಜೋರಾಯಿತು.

ಅವಳ ಮನೆಯ ಪಕ್ಕದ ಒಂದು ಚೌಕ ಮಾತ್ರ ಖಾಲಿ ಉಳಿಯಿತು. ಅದಕ್ಕೆ ನಂಬರನ್ನೂ ಹಾಕಿರಲಿಲ್ಲ.

‘ಇದು?’

‘ಅದು ಬಿಡಿ ಮೇಡಂ.’

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು. ಅದು ಚಿಕ್ಕಪ್ಪನ ಮನೆ. ಕೋರ್ಟಿನಿಂದ ಹೆಚ್ಚುವರಿ ಪರಿಹಾರ ಬಂದ ವರ್ಷ ಬೈಕು ತಂದದ್ದು ಅವರೇ, ಕುಡಿತಕ್ಕೆ ಬಿದ್ದದ್ದೂ ಅವರೇ. ‘ಆ ನೆಂಟ ಹೇಳಿದ್ದು ಸುಳ್ಳಲ್ಲ ಮೇಡಂ. ಸುಳ್ಳಾಗಿದ್ರೆ ನಾನು ಅಲ್ಲೇ ಜಗಳ ಮಾಡ್ತಿದ್ದೆ.’

ಅವಳ ಗಂಟಲಲ್ಲಿ ಸಿಕ್ಕಿಕೊಂಡದ್ದು ಇದೇ. ಕಾಲೊನಿಯವರೆಲ್ಲ ಹೀಗೆ ಎಂಬ ಮಾತಿಗೆ ‘ನಾವು ಹಾಗಲ್ಲ’ ಎಂದು ಎದ್ದು ನಿಂತರೆ, ಪಕ್ಕದ ಮನೆಯ ಜಗಲಿಯಲ್ಲಿ ಚಿಕ್ಕಪ್ಪ ಕೂತಿದ್ದಾರೆ. ನನಗೆ ಗೊತ್ತಿರುವಂತೆ ಇಂಥ ಚುಚ್ಚುಮಾತು ಹೆಚ್ಚು ನೋಯಿಸುವುದು ಅದರಲ್ಲಿ ಒಂದು ತುಣುಕು ನಿಜ ನಮ್ಮ ಮನೆಯದೇ ಆದಾಗ.

ನಾನು ಹೇಳಿದ್ದು ಇಷ್ಟು. ಚಿಕ್ಕಪ್ಪನ ಕುಡಿತ ಚಿಕ್ಕಪ್ಪನದು. ಪೇಟೆಯಲ್ಲೂ ಕುಡಿಯುವವರಿದ್ದಾರೆ, ಅಲ್ಲಿ ಮನುಷ್ಯನ ಹೆಸರು ಹೇಳುತ್ತಾರೆ, ಬೀದಿಯ ಹೆಸರು ಹೇಳುವುದಿಲ್ಲ. ಇಡೀ ಕಾಲೊನಿಯ ವಕೀಲಿಕೆ ನೀವು ಹೊರಬೇಕಿಲ್ಲ. ಆದರೆ ಆ ಚೌಕಕ್ಕೆ ನಂಬರು ಹಾಕಿ, ಅದನ್ನು ಬಿಟ್ಟು ನಕ್ಷೆ ಮುಗಿಯುವುದಿಲ್ಲ. ಯಾರಾದರೂ ಮನೆ ಎಲ್ಲಿ ಎಂದರೆ ಒಂದೇ ವಾಕ್ಯದಲ್ಲಿ ಕಾಲೊನಿಯ ಹೆಸರು ಹೇಳಿ. ಹಿಂದೆಯೇ ‘ಆದರೆ ನಮ್ಮ ಮೂಲ ಊರು…’ ಎಂದು ಬಾಲ ಸೇರಿಸಬೇಡಿ. ಸಂಜೆ ನಿಮ್ಮ ನಿಲ್ದಾಣದಲ್ಲೇ ಇಳಿಯಿರಿ, ಮೊದಲ ವಾರ ಮೈ ಬೆವರುತ್ತದೆ, ಬೆವರಲಿ. ಹುಡುಗನ ಮನೆಯವರಿಗೆ ಚಿಕ್ಕಪ್ಪನ ವಿಷಯ ನಿಶ್ಚಿತಾರ್ಥಕ್ಕೆ ಮುಂಚೆ ಹೇಳಿ, ಆಮೇಲೆ ಬೇಡ. ಮನೆಗೇ ಕರೆಯಿರಿ, ಹೋಟೆಲಿನಲ್ಲಿ ಭೇಟಿ ಬೇಡ.

ಅಜ್ಜಿಗೂ ಒಂದು ಪ್ರಶ್ನೆ ಕೇಳಿ ಬರಲು ಹೇಳಿದೆ: ಕಾಲೊನಿಗೆ ಬಂದ ಮೊದಲ ಮಳೆಗಾಲ ಹೇಗೆ ಕಳೆದಿರಿ? ಇದು ಮನೆಯಲ್ಲಿ ಸ್ವಲ್ಪ ಗಲಾಟೆ ಎಬ್ಬಿಸಿತು. ಅವಳ ಅಪ್ಪ ನನ್ನನ್ನು ಕಾಣಲು ಬಂದರು. ಸಿಟ್ಟಿತ್ತು. ‘ನಮ್ಮೂರು ಮರೆತುಬಿಡಿ ಅಂತ ಹೇಳ್ತಿದ್ದೀರಾ ಮೇಡಂ? ಗದ್ದೆ ಹೋಯ್ತು, ಕಡಲು ಹೋಯ್ತು, ಕೆಲಸ ಕೊಡ್ತೇವೆ ಅಂದವರು ಎಷ್ಟು ಜನಕ್ಕೆ ಕೊಟ್ರು? ಈಗ ನೆನಪೂ ಬೇಡವಾ?’

ಹೀಗೆ ಕೇಳುವವರು ಅವರೊಬ್ಬರೇ ಅಲ್ಲ. ಹೋರಾಟದಲ್ಲಿದ್ದ ಕೆಲವರು, ನಾವು ಆಪ್ತಸಮಾಲೋಚಕರು ಅನ್ಯಾಯವನ್ನು ಮನಸ್ಸಿನ ಕಾಯಿಲೆ ಮಾಡಿಬಿಡುತ್ತೇವೆ ಎಂದು ದೂರುತ್ತಾರೆ. ಉತ್ತರ ಹೇಳಬೇಕು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದದ್ದು ಸರಿ, ಇನ್ನೂ ಅಲೆಯಬೇಕಾದರೆ ಅಲೆಯಬೇಕು. ಕಡಲ ಮೇಲೆ ಬದುಕಿದವನನ್ನು ನಂಬರಿನ ಸೈಟಿನಲ್ಲಿ ಕೂರಿಸಿ, ದಿನದ ದುಡಿಮೆ ಕಿತ್ತುಕೊಂಡು, ಮುಂದೊಂದು ದಿನ ಕೈಗೆ ಒಟ್ಟಿಗೆ ದುಡ್ಡಿಟ್ಟರೆ ಅದರಲ್ಲಿ ಕೆಲವರಾದರೂ ದಾರಿ ತಪ್ಪುತ್ತಾರೆ ಎಂಬುದನ್ನು ಯೋಜನೆ ಮಾಡಿದವರು ಊಹಿಸಬೇಕಿತ್ತು. ಇದನ್ನು ನಾನು ಅಪ್ಪನಿಗೂ ಹೇಳಿದೆ. ಆದರೆ ಹುಡುಗಿ ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ್ದು ‘ಇದು ನಮ್ಮ ಜಾಗ ಅಲ್ಲ’ ಎಂಬ ಮಾತು. ಹೊರಗೆ ಹೋದರೆ ಕಾಲೊನಿಯವಳು ಎಂಬ ಮೂದಲಿಕೆ. ಹೊರಗಿನವರದು ತಾತ್ಸಾರ, ಮನೆಯವರದು ಸಂಕಟ, ಎರಡರ ಕೊನೆಯೂ ಒಂದೇ: ಅವಳು ಬೆಳೆದ ಜಾಗಕ್ಕೆ ಬೆಲೆ ಇಲ್ಲ. ಪೇಟೆಯವರ ಬಾಯಿ ಮುಚ್ಚಿಸುವುದು ನನ್ನ ಕೈಯಲ್ಲಿಲ್ಲ. ಮನೆಯ ಮಾತನ್ನು ಬದಲಿಸಬಹುದು, ಅದಕ್ಕೇ ಅಜ್ಜಿಯ ಬಳಿ ಕಳಿಸಿದ್ದು. ಹಳೆಯ ಊರಿನ ಕಥೆ ನಿಲ್ಲಿಸಿ ಎಂದಿಲ್ಲ. ಅದರ ಮುಂದಿನ ಅಧ್ಯಾಯವನ್ನೂ ಹೇಳಿ ಎಂದೆ, ಅದರಲ್ಲಿ ಮಗಳಿದ್ದಾಳೆ.

ಪೇಟೆಯವರ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಈಗಿನ ಕಾರವಾರ ಪೇಟೆ ಬೆಳೆದದ್ದು ಆಮೇಲೆ. ಬಂದರಿಗೆ, ಕೋರ್ಟಿಗೆ, ಕಚೇರಿಗೆ ಎಂದು ಬಂದು ನೆಲೆಸಿದವರ ಮೊಮ್ಮಕ್ಕಳೇ ಇವತ್ತಿನ ‘ಊರವರು’. ಎಷ್ಟೋ ಮನೆಗಳವರು ಕುಲದೇವರಿಗೆ ನಡೆದುಕೊಳ್ಳಲು ಇವತ್ತಿಗೂ ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋಗುತ್ತಾರೆ. ಅವರನ್ನು ಯಾರೂ ಹೊರಗಿನವರು ಎನ್ನುವುದಿಲ್ಲ, ಎನ್ನಲೂಬಾರದು. ಆದರೆ ಕಾಲೊನಿಯವರಿಗೆ, ಕದ್ರಾ ಅಣೆಕಟ್ಟಿನಿಂದ ಎದ್ದುಬಂದವರಿಗೆ, ಕೈಗಾ ಟೌನ್‌ಶಿಪ್ಪಿನ ‘ಹಿಂದಿಯವರಿಗೆ’ ಒಂದೊಂದು ಹಣೆಪಟ್ಟಿ ಮಾತ್ರ ತಯಾರಿರುತ್ತದೆ. ಕಾಲೊನಿಯವರೂ ಕಡಿಮೆಯಿಲ್ಲ ಎನ್ನಿ. ನೇವಿ ಕ್ವಾರ್ಟರ್ಸಿನವರ ಬಗ್ಗೆ ಅಲ್ಲಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಅಪ್ಪ ಒಪ್ಪಿ ಹೋದರು ಎಂದು ಹೇಳಲಾರೆ. ಅಜ್ಜಿ ಮಾತ್ರ ಮಾತಾಡಿದರಂತೆ. ಮೊದಲ ಮಳೆಗಾಲದಲ್ಲಿ ಅಂಗಳದಲ್ಲಿ ಒಂದು ಗಿಡವಿರಲಿಲ್ಲ, ಬರೀ ಕೆಂಪು ಮಣ್ಣು. ಊರಿನಿಂದ ಗೋಣಿಚೀಲದಲ್ಲಿ ತಂದ ಬಸಳೆ ದಂಟು ಊರಿದ್ದು, ಚಪ್ಪರಕ್ಕೆ ಕಂಬ ಕೊಟ್ಟವರು ಪಕ್ಕದ ಸಾಲಿನ ಪರಿಚಯವಿಲ್ಲದ ಮನೆಯವರು. ಕಂಬ ತಂದು ನೆಟ್ಟದ್ದು ಚಿಕ್ಕಪ್ಪ, ಆಗಿನ್ನೂ ಹುಡುಗ. ಚಿಕ್ಕಪ್ಪನ ಬಗ್ಗೆ ಒಳ್ಳೆಯ ಮಾತೊಂದನ್ನು ಆ ಮನೆಯಲ್ಲಿ ಕೇಳಿ ವರ್ಷಗಳಾಗಿತ್ತು ಎಂದಳು ಹುಡುಗಿ.

ಓದುವವರಲ್ಲಿ ಇಂಥ ಚಿಕ್ಕಪ್ಪ, ಅಣ್ಣ, ಗಂಡ ಇರುವವರಿಗೆ: ಕುಡಿತ ಬಿಡಿಸಲು ಬೈಗುಳ, ಆಣೆ ಪ್ರಮಾಣ ಸಾಲುವುದಿಲ್ಲ. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬಂದು ಅಪಾಯವಾಗಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಂಡೇ ಶುರು ಮಾಡಬೇಕು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಹುಡುಗನ ಮನೆಯವರು ಒಂದು ಭಾನುವಾರ ಕಾಲೊನಿಗೆ ಬಂದರು. ಚಿಕ್ಕಪ್ಪನ ವಿಷಯ ಮೊದಲೇ ಹೇಳಿಯಾಗಿತ್ತು. ಹುಡುಗನ ತಾಯಿ ಮನೆಯೆಲ್ಲ ನೋಡಿ ಕೇಳಿದ ಮೊದಲ ಪ್ರಶ್ನೆ, ‘ಇಲ್ಲಿ ನೀರು ದಿನಾ ಬರ್ತದಾ?’ ಎಂದು. ಮಾತುಕತೆ ಇನ್ನೂ ಮುಗಿದಿಲ್ಲ, ಬಂಗಾರದ ಲೆಕ್ಕದಲ್ಲಿ ನಿಂತಿದೆಯಂತೆ. ಅದಕ್ಕೆ ನನ್ನ ಸಲಹೆ ಬೇರೆಯೇ ಇದೆ, ಕೇಳಿದರೆ ಹೇಳುತ್ತೇನೆ ಎಂದಿದ್ದೇನೆ.